ಮೂಲೆ ನೋಡುವ ನಾಯಿ

(ಚಿಕ್ಕಬಳ್ಳಾಪುರದ ಓದುಗರ ಕೂಟವೊಂದರಲ್ಲಿ ಮಾಡಿದ ಉಪನ್ಯಾಸವನ್ನು ಓದಿಗೆ ಹೊಂದುವಂತೆ ವಿಸ್ತರಿಸಿ ಬರೆದದ್ದು.)

ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಕಳಚುವ ನಿದ್ದೆ, ಮುಗಿಸಿ ಎದ್ದ ರೇಷ್ಮೆ ಹುಳು ಸೊಪ್ಪು ತಿನ್ನುವ ಸದ್ದನ್ನು ಕೇಳಿದವರು ಈ ಸಭೆಯಲ್ಲಿ ಹಲವರಿದ್ದೀರಿ. ಶಿಡ್ಲಘಟ್ಟ, ಚಿಂತಾಮಣಿಯ ಕಡೆಯ ಹಳ್ಳಿಗಳಲ್ಲಿ ಹುಟ್ಟಿ ಬೆಳೆದವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಹೊರಗಿನವರಿಗೆ ಹೇಳುವಾಗ ಮಾತ್ರ ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದ ಹಾಗೆ ಎನ್ನುತ್ತೇವೆ. ಹುಳು ತನ್ನ ಇಡೀ ಆಯುಸ್ಸಿನಲ್ಲಿ ತಿನ್ನುವ ಸೊಪ್ಪಿನ ನೂರಕ್ಕೆ 80 ಪಾಲಿಗೂ ಹೆಚ್ಚನ್ನು ಈ ಕೊನೆಯ ಏಳೆಂಟು ದಿನಗಳಲ್ಲೇ ತಿಂದು ಮುಗಿಸುತ್ತದೆ. ಆದ್ದರಿಂದ ಆ ವಾರವೆಲ್ಲ ಮನೆಯವರಿಗೆ ನಿದ್ದೆ ಕಡಿಮೆ, ರಾತ್ರಿ ಹನ್ನೊಂದಕ್ಕೂ ಒಂದು ಸಲ ಸೊಪ್ಪು ಹಾಕಿಯೇ ಮಲಗಬೇಕು. ಮೂವತ್ತು ವರ್ಷ ಹಗಲೆಲ್ಲ ಪ್ರೌಢಶಾಲೆಯಲ್ಲಿ ಪಾಠ ಹೇಳಿ, ಬೆಳೆ ಇದ್ದಾಗ ರಾತ್ರಿ ಅತ್ತೆಯವರ ಜೊತೆ ಹುಳು ಮನೆಯಲ್ಲಿ ಸೊಪ್ಪು ಹಾಕಿದವಳು ನಾನು. ಭಯಾನಕ ಕಥೆಗಳ ಬಹುಪಾಲನ್ನು ನಾನು ಓದಿರುವುದು ಆ ರಾತ್ರಿಗಳಲ್ಲಿ, ಆ ಸದ್ದಿನ ನಡುವೆ, ಬಾಗಿಲ ಹೊರಗೆ ಒಂದು ನಾಯಿ ಮಲಗಿರುವಾಗ. ಇವತ್ತಿನ ಮಾತು ಹುಟ್ಟಿರುವುದೂ ಅಲ್ಲಿಂದಲೇ.

ಕೆಲವು ವರ್ಷಗಳ ಹಿಂದೆ ಇಂಥದೇ ಒಂದು ರಾತ್ರಿ ಸೊಪ್ಪು ಹಾಕಿ ಹೊರಗೆ ಬಂದಾಗ ನಮ್ಮ ಕೆಂಚ ಜಗಲಿಯಲ್ಲಿ ನಿಂತಿದ್ದ. ಅವನು ಊರನಾಯಿಯ ಮರಿ, ಆಗ ಅವನಿಗೆ ಹದಿಮೂರು ವರ್ಷ. ಹುಳು ಮನೆಯೊಳಕ್ಕೆ ನಾಯಿಯನ್ನು ಬಿಡುವುದಿಲ್ಲವಾದ್ದರಿಂದ ಬಾಗಿಲ ಹೊರಗೆ ಕಾಯುವುದು ಅವನ ಹಳೆಯ ರೂಢಿ. ಅವತ್ತು ಅವನು ನಿಂತಿದ್ದ ಜಾಗ ಮಾತ್ರ ಬೇರೆಯಾಗಿತ್ತು. ಬಾಗಿಲು ತೆರೆಯುವ ಬದಿಯನ್ನು ಬಿಟ್ಟು, ಕೀಲುಗಳಿರುವ ಬದಿಯಲ್ಲಿ, ಬಾಗಿಲುವಾಡದ ಆಚೆಗೆ ಗೋಡೆ ತಿರುಗುವ ಮೂಲೆಯಿಂದ ಒಂದು ಗೇಣು ದೂರದಲ್ಲಿ ಮೂಗು ಚಾಚಿ ನಿಂತಿದ್ದ. ಕಿವಿ ನಿಮಿರಿರಲಿಲ್ಲ, ಬೆನ್ನಿನ ಕೂದಲು ಎದ್ದಿರಲಿಲ್ಲ, ಬಾಲ ನಿಧಾನವಾಗಿ ಅಲ್ಲಾಡುತ್ತಿತ್ತು. ಒಳಗಿನಿಂದ ಯಾರೋ ಬಂದು ಬಾಗಿಲು ತೆರೆಯುತ್ತಾರೆಂದು ನಂಬಿ ಕಾಯುವವರ ನಿಲುವು ಅದು. ಆದರೆ ಅಲ್ಲಿ ಬಾಗಿಲಿರಲಿಲ್ಲ, ಸುಣ್ಣ ಬಳಿದ ಗೋಡೆಯಿತ್ತು. ಹೆಸರು ಹಿಡಿದು ಕರೆದೆ, ತಿರುಗಲಿಲ್ಲ. ಅತ್ತೆಯವರು ಒಳಗಿನಿಂದಲೇ, ‘ಅದಕ್ಕೆ ಏನೋ ಕಾಣ್ತಾ ಐತೆ, ಕರೀಬೇಡ ಬಿಡಮ್ಮ’ ಎಂದರು.

ಆ ಮೂಲೆಯಲ್ಲಿ ನನಗೆ ಏನಾದರೂ ಕಂಡಿದ್ದರೆ ಇದು ದೆವ್ವದ ಕಥೆಯಾಗಿಬಿಡುತ್ತಿತ್ತು, ಇಷ್ಟು ವರ್ಷ ನೆನಪಿನಲ್ಲಿ ಉಳಿಯುತ್ತಲೂ ಇರಲಿಲ್ಲವೇನೋ. ಉಳಿದದ್ದು, ನನಗೆ ಏನೂ ಕಾಣದಿದ್ದುದರಿಂದ. ಇಂಗ್ಲಿಷಿನಲ್ಲಿ ವಿಯರ್ಡ್ ಫಿಕ್ಷನ್ ಎಂದು ಕರೆಯುವ, ನಾನು ವಿಲಕ್ಷಣ ಕಥೆ ಎಂದು ಕರೆಯಲಿರುವ ಪ್ರಕಾರದ ಜೀವ ಇರುವುದು ಇಲ್ಲೇ. ದೆವ್ವದ ಕಥೆಯಲ್ಲಿ ಸತ್ತವರು ಬರುತ್ತಾರೆ, ಬರಲು ಅವರಿಗೊಂದು ಕಾರಣವಿರುತ್ತದೆ, ಆ ಕಾರಣ ತೀರಿದರೆ ಹೊರಟುಹೋಗುತ್ತಾರೆ. ವಿಲಕ್ಷಣ ಕಥೆಯಲ್ಲಿ ಹಾಗೆ ಬಂದು ಹೋಗುವವರು ಯಾರೂ ಇರಬೇಕಾಗಿಲ್ಲ. ನಾವು ಲೋಕವೆಂದು ತಿಳಿದಿರುವುದರ ಗೋಡೆಯೊಂದು ಗೋಡೆಯಲ್ಲದೆ ಇರಬಹುದು ಎಂಬ ಅನುಮಾನ ಓದುಗರಲ್ಲಿ ಹುಟ್ಟಿದರೆ ಕಥೆ ಗೆದ್ದಂತೆ. ನಮ್ಮ ಕಾವ್ಯಮೀಮಾಂಸೆಯ ಮಾತಿನಲ್ಲಿ ಹೇಳುವುದಾದರೆ ಇಲ್ಲಿ ಭಯಾನಕವೂ ಅದ್ಭುತವೂ ಒಂದೇ ಪಾತ್ರೆಯಲ್ಲಿ ಬೆರೆತಿವೆ. ಭರತನ ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಭಯಾನಕಕ್ಕೆ ಕಪ್ಪು ಬಣ್ಣ, ಅದ್ಭುತಕ್ಕೆ ಹಳದಿ. ಭಯ ಹುಟ್ಟಿಸುವ ಸಂಗತಿಗಳ ಪಟ್ಟಿಯಲ್ಲಿ ಅವನು ವಿಕಾರವಾದ ಕೂಗು, ಭೂತದ ದರ್ಶನ, ನರಿ ಮತ್ತು ಗೂಬೆಯ ದನಿ, ಪಾಳು ಮನೆ, ಕಾಡು ಇವುಗಳನ್ನೆಲ್ಲ ಹೇಳುತ್ತಾನೆ. ನರಿಯನ್ನು ಹೇಳಿದವನು ನಾಯಿಯನ್ನು ಅದರ ಪಕ್ಕದಲ್ಲಿ ಕೂರಿಸಲಿಲ್ಲ. ನನಗೆ ಇದು ಸರಿಯಾಗಿಯೇ ಕಾಣುತ್ತದೆ, ಏಕೆಂದರೆ ನರಿ ಕತ್ತಲಿನ ಕಡೆಯದು, ನಾಯಿ ಮನೆಯ ಕಡೆಯದು. ಅದು ಹೊಸ್ತಿಲ ಈಚೆಗೆ ನಮ್ಮ ಜೊತೆಯಲ್ಲಿ ನಿಂತು, ನಮಗೆ ತಿಳಿಯದ ಆಚೆಯನ್ನು ತಿಳಿಯುತ್ತದೆ.

ಒಳ್ಳೆಯ ಭಯಾನಕ ಕಥೆಗಾರರು ಕಂಡುಕೊಂಡ ಗುಟ್ಟು ಇದೇ ಎಂಬುದು ಇವತ್ತು ನಾನು ಹೇಳಬೇಕಾದ ಮಾತು. ಭೂತವನ್ನು ಎಷ್ಟು ವರ್ಣಿಸಿದರೂ ಓದುಗರು ಪೂರ್ತಿ ನಂಬುವುದಿಲ್ಲ. ಆದರೆ ಪಕ್ಕದಲ್ಲಿ ಮಲಗಿದ್ದ ನಾಯಿ ತಟ್ಟನೆ ತಲೆ ಎತ್ತಿತು ಎಂದು ಒಂದು ಸಾಲು ಬರೆದರೆ, ನಾಯಿ ಸಾಕಿದ ಯಾರೂ ಅದನ್ನು ನಂಬದೆ ಇರಲಾರರು.

ಈ ಪ್ರಕಾರದ ಮಾತು ಬಂದಾಗ ಎಚ್. ಪಿ. ಲವ್‌ಕ್ರಾಫ್ಟ್‌ನ ಹೆಸರನ್ನು ಬಿಟ್ಟು ಮುಂದೆ ಹೋಗಲಾಗುವುದಿಲ್ಲ. ಅಮೆರಿಕದ ಪ್ರಾವಿಡೆನ್ಸ್ ಊರಿನಲ್ಲಿ 1890ರಲ್ಲಿ ಹುಟ್ಟಿ, 1937ರಲ್ಲಿ ಅಲ್ಲೇ ಬಡತನದಲ್ಲಿ ತೀರಿಕೊಂಡವನು ಅವನು. ಅವನ ಕಥೆಗಳು ಹೆಚ್ಚಾಗಿ ಪ್ರಕಟವಾದದ್ದು 1923ರಲ್ಲಿ ಆರಂಭವಾದ ವಿಯರ್ಡ್ ಟೇಲ್ಸ್ ಎಂಬ ಅಗ್ಗದ ಕಾಗದದ ಪತ್ರಿಕೆಯಲ್ಲಿ. ಮನುಕುಲದ ಅತ್ಯಂತ ಹಳೆಯ, ಅತ್ಯಂತ ಬಲವಾದ ಭಾವ ಭಯವೆಂದೂ, ಭಯಗಳಲ್ಲೆಲ್ಲ ಹಳೆಯದೂ ಬಲವಾದದ್ದೂ ಅರಿಯದ್ದರ ಭಯವೆಂದೂ 1927ರ ತನ್ನ ದೀರ್ಘ ಪ್ರಬಂಧವನ್ನು ಅವನು ಆರಂಭಿಸಿದ. ಈ ಲವ್‌ಕ್ರಾಫ್ಟ್ ಬೆಕ್ಕಿನ ಭಕ್ತ. ನಾಯಿ ಮೇಲೋ ಬೆಕ್ಕು ಮೇಲೋ ಎಂದು ಬ್ರೂಕ್ಲಿನ್ನಿನ ಹವ್ಯಾಸಿ ಬರಹಗಾರರ ಕೂಟವೊಂದು ಚರ್ಚೆ ಇಟ್ಟುಕೊಂಡಾಗ, ಹೋಗಲಾಗದ ಅವನು 1926ರಲ್ಲಿ ಒಂದು ಪ್ರಬಂಧವನ್ನೇ ಬರೆದ. ಬೆಕ್ಕು ಕುಲೀನರಿಗೆ, ಕಲಾವಿದರಿಗೆ ತಕ್ಕ ಪ್ರಾಣಿ, ನಾಯಿ ಸಾಮಾನ್ಯರಿಗೆ, ಭಾವುಕರಿಗೆ ತಕ್ಕದ್ದು ಎಂಬುದು ಅದರ ವಾದ. ಬಾಲ ಅಲ್ಲಾಡಿಸುವುದು, ಕೈ ನೆಕ್ಕುವುದು, ಕರೆದರೆ ಓಡಿ ಬರುವುದು ಎಲ್ಲವೂ ಅವನಿಗೆ ದಾಸ್ಯದ ಗುರುತು. ಹುಟ್ಟಿನಿಂದಲೇ ಕೆಲವರು ಮೇಲು, ಕೆಲವರು ಕೀಳು ಎಂಬ ನಂಬಿಕೆ ಅವನ ಮನಸ್ಸಿನಲ್ಲಿ ಆಳವಾಗಿ ಬೇರೂರಿತ್ತು. ಮನುಷ್ಯರ ಬಗೆಗೆ ಅವನ ಬರಹದಲ್ಲಿ ಕಾಣುವ ಜನಾಂಗದ್ವೇಷವನ್ನು ಅವನನ್ನು ಮೆಚ್ಚುವವರೂ ಮುಚ್ಚಿಡಬಾರದು. ನಾಯಿಯ ಮೇಲಿನ ಅವನ ತಿರಸ್ಕಾರವೂ ಅದೇ ಬೇರಿನಿಂದ ಬಂದ ಚಿಗುರೆಂದು ನಾನು ಓದುತ್ತೇನೆ.

ಹಾಗಿದ್ದರೂ ಅವನ ಕಥೆಗಳಲ್ಲಿ ನಾಯಿಗಳು ಏನು ಮಾಡುತ್ತವೆ ನೋಡಿ. 1929ರ ಏಪ್ರಿಲಿನಲ್ಲಿ ಪ್ರಕಟವಾದ ಡನ್‌ವಿಚ್ ಹಳ್ಳಿಯ ಕಥೆಯಲ್ಲಿ ವಿಲ್ಬರ್ ಎಂಬ ಹುಡುಗನಿದ್ದಾನೆ. ಅರ್ಧ ಮನುಷ್ಯ, ಇನ್ನರ್ಧ ಹೆಸರಿಲ್ಲದ್ದು. ಊರಿನವರಿಗೆ ಅವನ ಬಗ್ಗೆ ಅಸಹ್ಯ, ಅನುಮಾನ ಎಲ್ಲ ಇವೆಯೇ ಹೊರತು ಅವನು ಏನೆಂಬುದು ತಿಳಿದಿಲ್ಲ. ನಾಯಿಗಳಿಗೆ ಅವನ ಬಾಲ್ಯದಿಂದಲೇ ತಿಳಿದಿದೆ. ಕಂಡಲ್ಲೆಲ್ಲ ಮೈಮೇಲೆ ಬೀಳುತ್ತವೆ, ಅವುಗಳಿಗೆ ಹೆದರಿ ಅವನು ಪಿಸ್ತೂಲು ಇಟ್ಟುಕೊಂಡೇ ಓಡಾಡುತ್ತಾನೆ. ಲೋಕವನ್ನೇ ಅಳಿಸಬಲ್ಲ ಮಂತ್ರವಿರುವ ಪುಸ್ತಕವೊಂದನ್ನು ಕದಿಯಲು ಅವನು ಒಂದು ರಾತ್ರಿ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ನುಗ್ಗಿದಾಗ ಅವನನ್ನು ತಡೆದು ಕೊಲ್ಲುವುದು ಅಲ್ಲಿಯ ಕಾವಲು ನಾಯಿ. ಪ್ರಾಧ್ಯಾಪಕರು ಓಡಿ ಬರುವ ಹೊತ್ತಿಗೆ ಆಗಬೇಕಾದದ್ದು ಆಗಿಹೋಗಿರುತ್ತದೆ. ಗ್ರಂಥಾಲಯವೊಂದರಲ್ಲಿ ನಿಂತು ಈ ಮಾತು ಹೇಳುವಾಗ ಆ ನಾಯಿಗೆ ನಾವೆಲ್ಲ ಋಣಿಗಳೆಂದು ನನಗೆ ಅನ್ನಿಸುತ್ತದೆ. ಲವ್‌ಕ್ರಾಫ್ಟ್ 1931ರಲ್ಲಿ ಬರೆದ ಅಂಟಾರ್ಕ್ಟಿಕದ ನೀಳ್ಗತೆಯಲ್ಲೂ ಹೀಗೆಯೇ. ಹಿಮದಡಿಯಿಂದ ತೆಗೆದ ವಿಚಿತ್ರ ದೇಹಗಳನ್ನು ವಿಜ್ಞಾನಿಗಳು ಕುತೂಹಲದಿಂದ ಅಳೆಯುತ್ತಿರುವಾಗ, ಜಾರುಬಂಡಿಯ ನಾಯಿಗಳು ಹುಚ್ಚೆದ್ದು ಬೊಗಳುತ್ತವೆ. ಬೊಗಳುವುದನ್ನು ತಡೆಯಲು ಅವುಗಳನ್ನು ದೂರ ಕಟ್ಟುತ್ತಾರೆಯೇ ಹೊರತು ಏಕೆ ಬೊಗಳುತ್ತಿವೆಯೆಂದು ಯಾರೂ ಯೋಚಿಸುವುದಿಲ್ಲ. ಪ್ರಬಂಧ ಬರೆಯುವಾಗ ಲವ್‌ಕ್ರಾಫ್ಟ್ ನಾಯಿಯನ್ನು ಹೀಗಳೆದ; ಕಥೆ ಬರೆಯುವಾಗ ಸತ್ಯವನ್ನು ಮೊದಲು ಯಾರಿಗೆ ತಿಳಿಸಬೇಕೆಂಬ ಪ್ರಶ್ನೆ ಬಂದಾಗಲೆಲ್ಲ ನಾಯಿಯ ಹತ್ತಿರವೇ ಹೋದ. ಅವನ ಪ್ರಬಂಧಕ್ಕಿಂತ ಅವನ ಕಥೆಯನ್ನು ನಾನು ನಂಬುತ್ತೇನೆ.

ಡನ್‌ವಿಚ್ ಕಥೆ ಬರುವುದಕ್ಕೆ ಸರಿಯಾಗಿ ಒಂದು ತಿಂಗಳು ಮೊದಲು, 1929ರ ಮಾರ್ಚಿನಲ್ಲಿ, ಅದೇ ಪತ್ರಿಕೆಯಲ್ಲಿ ಅವನ ಗೆಳೆಯ ಫ್ರ್ಯಾಂಕ್ ಬೆಲ್ನಾಪ್ ಲಾಂಗ್ ಬರೆದ ಟಿಂಡಾಲೋಸ್‌ನ ಬೇಟೆನಾಯಿಗಳ ಕಥೆ ಬಂದಿತ್ತು. ಈ ನಾಯಿಗಳು ಕಾಲದ ಆಚೆಯವು. ನಮ್ಮ ಲೋಕದೊಳಕ್ಕೆ ಅವು ಬರುವುದು ಮೂಲೆಗಳ ಮೂಲಕ ಮಾತ್ರ. ಎರಡು ಗೋಡೆ ಕೋನವಾಗಿ ಸೇರುವಲ್ಲೆಲ್ಲ ಅವುಗಳಿಗೆ ದಾರಿ, ದುಂಡಗಿರುವಲ್ಲಿ ದಾರಿಯಿಲ್ಲ. ಅವುಗಳ ಕಣ್ಣಿಗೆ ಬಿದ್ದ ಮನುಷ್ಯನೊಬ್ಬ ತನ್ನ ಕೋಣೆಯ ಮೂಲೆಗಳಿಗೆಲ್ಲ ಪ್ಲಾಸ್ಟರ್ ಮೆತ್ತಿ, ಒಳಗೆಲ್ಲ ದುಂಡಾಗಿಸಿ, ನಡುವೆ ಕುಳಿತುಕೊಳ್ಳುತ್ತಾನೆ. ಆಗ ಭೂಮಿ ಕಂಪಿಸಿ ಪ್ಲಾಸ್ಟರ್ ಉದುರುತ್ತದೆ. ಮುಂದಿನದನ್ನು ಊಹಿಸುವುದು ಕಷ್ಟವಲ್ಲ. ಕಥೆಯಾಗಿ ಇದು ಲವ್‌ಕ್ರಾಫ್ಟ್‌ನ ಮಟ್ಟದ್ದಲ್ಲ, ಮಾತು ಹೆಚ್ಚು. ಆದರೆ ಆ ಒಂದು ಕಲ್ಪನೆ, ಮೂಲೆಯೆಂದರೆ ಬಾಗಿಲು ಎಂಬುದು, ಓದಿದ ಮೇಲೆ ಮನೆಯೊಳಗೆ ಓಡಾಡುವ ರೀತಿಯನ್ನೇ ಬದಲಿಸಿಬಿಡುತ್ತದೆ. ಕೆಂಚ ಮೂಲೆಗೆ ಮುಖ ಕೊಟ್ಟು ನಿಂತ ರಾತ್ರಿ ನನಗೆ ಮೊದಲು ನೆನಪಾದದ್ದು ಈ ಕಥೆ.

ಕಥೆಗಾರರೇ ಇಲ್ಲದೆ ಹುಟ್ಟಿದ ನಮ್ಮದೇ ಒಂದು ವಿಲಕ್ಷಣ ಕಥೆಯೂ ಉಂಟು. ತೊಂಬತ್ತರ ದಶಕದಲ್ಲಿ ಈ ಸೀಮೆಯ ಹಳ್ಳಿಗಳಲ್ಲಿ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಎಂದು ಬರೆದಿದ್ದನ್ನು ನಿಮ್ಮಲ್ಲಿ ಹಿರಿಯರು ಕಂಡಿದ್ದೀರಿ. ಗಡಿಯ ಆಚೆಗೆ ಅದೇ ಮಾತು ತೆಲುಗಿನಲ್ಲಿ ‘ಓ ಸ್ತ್ರೀ ರೇಪು ರಾ’ ಎಂದಿರುತ್ತಿತ್ತು. ರಾತ್ರಿ ಹೊತ್ತು ಒಂದು ಹೆಣ್ಣು ಬಂದು ಮನೆಯವರ ದನಿಯಲ್ಲೇ, ತಾಯಿಯ ದನಿಯಲ್ಲೋ ಅಕ್ಕನ ದನಿಯಲ್ಲೋ, ಹೆಸರು ಹಿಡಿದು ಕರೆಯುತ್ತಾಳೆ, ಓಗೊಟ್ಟವರು ಉಳಿಯುವುದಿಲ್ಲ, ಬಾಗಿಲಿನ ಬರಹ ಓದಿದರೆ ಆಣೆಗೆ ಕಟ್ಟುಬಿದ್ದವಳಂತೆ ಹಿಂತಿರುಗುತ್ತಾಳೆ, ಮರುದಿನ ಬಂದಾಗ ಮತ್ತೆ ಅದೇ ಬರಹ. ಪ್ರತಿ ರಾತ್ರಿಯೂ ನಾಳೆಗೆ ಮುಂದೂಡಲ್ಪಡುವ ಈ ಭಯದ ಕಟ್ಟಡದಲ್ಲಿ ಒಂದು ಕಲ್ಲನ್ನೂ ಅಲುಗಿಸುವಂತಿಲ್ಲ. ನನ್ನ ಅತ್ತೆಯವರು ಬಾಗಿಲಿಗೆ ಅದನ್ನು ಬರೆಸಲಿಲ್ಲ. ನಮ್ಮ ಮನೆಯಲ್ಲಿ ಆಗಲೂ ನಾಯಿಯಿತ್ತು, ಕೆಂಚನಿಗಿಂತ ಎರಡು ತಲೆಮಾರು ಹಿಂದಿನದು. ‘ಅವಳು ದನಿ ತರ್ತಾಳೆ, ವಾಸನೆ ಎಲ್ಲಿಂದ ತರ್ತಾಳೆ’ ಎಂದು ಅವರು ಕೇಳಿದ್ದರು. ಆ ಪ್ರಶ್ನೆಯನ್ನು ನಾನು ಅನೇಕ ವರ್ಷ ಮೆಲುಕು ಹಾಕಿದ್ದೇನೆ. ಮನುಷ್ಯರನ್ನು ಗುರುತಿಸಲು ನಾವು ಕಣ್ಣು ಕಿವಿಗಳನ್ನು ನೆಚ್ಚುತ್ತೇವೆ, ಆದ್ದರಿಂದ ನಮ್ಮ ಭೂತಗಳೆಲ್ಲ ರೂಪವನ್ನೋ ದನಿಯನ್ನೋ ಕದಿಯುತ್ತವೆ. ವಾಸನೆ ಗ್ರಹಿಸುವ ಕೋಶಗಳು ನಮ್ಮ ಮೂಗಿನಲ್ಲಿ ಸುಮಾರು 50-60 ಲಕ್ಷವಿದ್ದರೆ ನಾಯಿಯ ಕೆಲವು ತಳಿಗಳಲ್ಲಿ 20 ಕೋಟಿಗೂ ಹೆಚ್ಚಿವೆ. ನಮ್ಮ ಕಿವಿ ಹೆಚ್ಚೆಂದರೆ 20,000 ಹರ್ಟ್ಸ್‌ವರೆಗಿನ ಸದ್ದನ್ನು ಕೇಳಿದರೆ ನಾಯಿಯದು ಸುಮಾರು 45,000ದವರೆಗೆ ಕೇಳುತ್ತದೆ. ಅಂದರೆ ನಾವಿಬ್ಬರೂ ಒಂದೇ ಜಗಲಿಯಲ್ಲಿ ಕುಳಿತಿದ್ದರೂ ಅದು ಕುಳಿತಿರುವ ಜಗಲಿ ಬಹಳ ದೊಡ್ಡದು. ನಾಯಿಯ ಕಣ್ಣಿನ ಗೀಜನ್ನು ನಮ್ಮ ಕಣ್ಣಿಗೆ ಹಚ್ಚಿಕೊಂಡರೆ ದೆವ್ವ ಕಾಣುತ್ತದೆಂದು ಚಿಕ್ಕಂದಿನಲ್ಲಿ ಹೇಳುತ್ತಿದ್ದರು. ಅದನ್ನು ಹಚ್ಚಿಕೊಂಡವರನ್ನು ನಾನು ಕಂಡಿಲ್ಲ. ಆದರೆ ಆ ದೊಡ್ಡ ಜಗಲಿಯನ್ನು ಒಂದು ಸಲವಾದರೂ ನೋಡಬೇಕೆಂಬ ಆಸೆ ಆ ನಂಬಿಕೆಯೊಳಗಿದೆ.

ಈಗ ಲವ್‌ಕ್ರಾಫ್ಟ್‌ಗಿಂತ ಬಹಳ ಹಿಂದಕ್ಕೆ ಹೋಗೋಣ. ಮಹಾಭಾರತದ ಆದಿಪರ್ವದಲ್ಲಿ ಜನಮೇಜಯ ಕುರುಕ್ಷೇತ್ರದಲ್ಲಿ ದೀರ್ಘ ಸತ್ರವೊಂದನ್ನು ನಡೆಸುತ್ತಿರುವಾಗ ಒಂದು ನಾಯಿಮರಿ ಅಲ್ಲಿಗೆ ಬರುತ್ತದೆ. ಶ್ರುತಸೇನ, ಉಗ್ರಸೇನ, ಭೀಮಸೇನ ಎಂಬ ಅವನ ತಮ್ಮಂದಿರು ಅದನ್ನು ಹೊಡೆದು ಓಡಿಸುತ್ತಾರೆ. ಮರಿ ಅಳುತ್ತ ತಾಯಿ ಸರಮೆಯ ಬಳಿಗೆ ಹೋಗುತ್ತದೆ. ಸರಮೆ ಎಂದರೆ ದೇವಶುನಿ, ದೇವತೆಗಳ ಹೆಣ್ಣು ನಾಯಿ. ಋಗ್ವೇದದಲ್ಲಿ ಪಣಿಗಳೆಂಬವರು ಬಚ್ಚಿಟ್ಟ ಹಸುಗಳನ್ನು ಹುಡುಕಿ ಹೋದವಳು. ನೀನು ಏನಾದರೂ ತಪ್ಪು ಮಾಡಿರಬೇಕೆಂದು ಅವಳು ಮೊದಲು ಮಗನನ್ನೇ ಕೇಳುತ್ತಾಳೆ. ಹವಿಸ್ಸನ್ನು ನಾನು ನೋಡಲೂ ಇಲ್ಲ, ನೆಕ್ಕಲೂ ಇಲ್ಲ ಎಂದು ಮರಿ ಹೇಳುತ್ತದೆ. ಆಗ ಸರಮೆ ಯಜ್ಞಶಾಲೆಗೆ ಬಂದು ಕಾರಣ ಕೇಳುತ್ತಾಳೆ, ಯಾರೂ ಉತ್ತರ ಕೊಡುವುದಿಲ್ಲ. ತಪ್ಪಿಲ್ಲದವನನ್ನು ಹೊಡೆದಿರಿ, ಆದ್ದರಿಂದ ಕಾಣದ ಭಯ ನಿಮ್ಮ ಮೇಲೆ ಬರಲಿದೆ ಎಂದು ಹೇಳಿ ಹೊರಡುತ್ತಾಳೆ. ಮೂಲದಲ್ಲಿರುವ ಮಾತು ‘ಅದೃಷ್ಟಂ ಭಯಂ’, ಕಣ್ಣಿಗೆ ಬೀಳದ ಭಯ.

ಅವಳು ರೋಗವನ್ನೋ ಸೋಲನ್ನೋ ಸಾವನ್ನೋ ಶಾಪವಾಗಿ ಕೊಡಬಹುದಾಗಿತ್ತು. ಯಾವ ಕಡೆಯಿಂದ ಬರುತ್ತದೆಂದು ತಿಳಿಯದ ಒಂದು ಭಯವನ್ನು ಕೊಟ್ಟಳು. ಜನಮೇಜಯ ಗಾಬರಿಗೊಂಡು ಅದನ್ನು ಶಮನ ಮಾಡಬಲ್ಲ ಪುರೋಹಿತನನ್ನು ಹುಡುಕುತ್ತ ಹೊರಡುವುದರಿಂದಲೇ ಮುಂದಿನ ಕಥೆ ಬೆಳೆಯುತ್ತದೆ. ಪ್ರಾವಿಡೆನ್ಸ್ ಊರಿನ ಲೇಖಕ ಭಯಗಳಲ್ಲೆಲ್ಲ ಹಳೆಯದೆಂದು ಹೇಳಿದ್ದನ್ನು ನಮ್ಮ ಕಾವ್ಯ ಒಂದು ಹೆಣ್ಣು ನಾಯಿಯ ಬಾಯಲ್ಲಿ ಇಟ್ಟಿದೆ, ಅದಕ್ಕೊಂದು ಕಾರಣವನ್ನೂ ಕೊಟ್ಟಿದೆ. ಲವ್‌ಕ್ರಾಫ್ಟ್‌ನಲ್ಲಿ ಅರಿಯದ್ದು ತನ್ನಷ್ಟಕ್ಕೆ ಇರುತ್ತದೆ, ಮನುಷ್ಯರ ನಡತೆಗೂ ಅದಕ್ಕೂ ಸಂಬಂಧವಿಲ್ಲ. ವ್ಯಾಸಭಾರತದಲ್ಲಿ ಅದು ಬಾಗಿಲಿಗೆ ಬಂದದ್ದು, ಬಾಗಿಲಿಗೆ ಬಂದ ಮರಿಯನ್ನು ಹೊಡೆದದ್ದಕ್ಕೆ. ಅದೇ ಮಹಾಭಾರತದ ಕೊನೆಯ ಭಾಗದಲ್ಲಿ, ಮಹಾಪ್ರಸ್ಥಾನದಲ್ಲಿ, ಜೊತೆಗೆ ಬಂದ ನಾಯಿಯನ್ನು ಬಿಟ್ಟು ರಥ ಹತ್ತಲಾರೆನೆಂದು ಧರ್ಮರಾಯ ನಿಲ್ಲುವುದು ನಿಮಗೆಲ್ಲ ಗೊತ್ತಿರುವ ಪ್ರಸಂಗ. ಅದನ್ನು ಎಲ್ಲರೂ ಹೇಳುತ್ತಾರೆ. ಸರಮೆಯನ್ನು ಹೇಳುವವರು ಕಡಿಮೆ, ಶಾಲೆಯ ಪಾಠದಲ್ಲೂ ಅವಳು ಬರುವುದಿಲ್ಲ. ಈ ಕೊರತೆ ನನ್ನನ್ನು ಬಹಳ ಕಾಡಿದೆ.

ನಾಯಿಯೇ ಭಯವಾಗುವ ಕಥೆಗಳ ಮಾತು ಬೇರೆ. 1897ರ ಡ್ರಾಕುಲಾ ಕಾದಂಬರಿಯಲ್ಲಿ ಸತ್ತ ನಾವಿಕ ಚುಕ್ಕಾಣಿಗೆ ಕಟ್ಟಿಕೊಂಡಿರುವ ಹಡಗು ವಿಟ್ಬಿ ಬಂದರಿಗೆ ಅಪ್ಪಳಿಸಿದಾಗ ಅದರಿಂದ ದಡಕ್ಕೆ ಹಾರುವುದು ಒಂದು ದೊಡ್ಡ ನಾಯಿ. ಡಾರ್ಟ್‌ಮೂರಿನ ಜೌಗಿನಲ್ಲಿ ಷರ್ಲಾಕ್ ಹೋಮ್ಸ್ ಎದುರಿಸುವ ಬೇಟೆನಾಯಿಯದೂ ಅದೇ ಕಾಲ. ಇವೆರಡರಲ್ಲೂ ನಾಯಿ ಒಂದು ವೇಷ ಮಾತ್ರ, ಆದ್ದರಿಂದ ಹೆಚ್ಚು ಹೇಳುವುದಿಲ್ಲ. ನಿಜವಾದ ಭಯ ಬೇರೆಡೆ ಇದೆ, ಅದಕ್ಕೆ ನಮ್ಮ ಹಳ್ಳಿಗಳಲ್ಲಿ ಹುಚ್ಚು ನಾಯಿ ಎಂಬ ಹೆಸರಿದೆ.

1816ರ ಬೇಸಿಗೆಯಲ್ಲಿ ಜಿನೀವಾ ಸರೋವರದ ದಡದ ಮನೆಯೊಂದರಲ್ಲಿ, ಹಿಂದಿನ ವರ್ಷ ಟಾಂಬೋರಾ ಜ್ವಾಲಾಮುಖಿ ಸಿಡಿದದ್ದರಿಂದ ಬಿಸಿಲೇ ಕಾಣದ ದಿನಗಳಲ್ಲಿ, ಎಲ್ಲರೂ ಒಂದೊಂದು ದೆವ್ವದ ಕಥೆ ಬರೆಯೋಣ ಎಂದವನು ಕವಿ ಬೈರನ್. ಆ ಮಾತಿನಿಂದ ಹದಿನೆಂಟು ವರ್ಷದ ಮೇರಿಯ (ಮುಂದೆ ಮೇರಿ ಶೆಲ್ಲಿ) ಫ್ರಾಂಕೆನ್‌ಸ್ಟೈನ್ ಕಾದಂಬರಿ ಹುಟ್ಟಿತು, ಅವನ ವೈದ್ಯ ಪಾಲಿಡೋರಿಯ ರಕ್ತಪಿಶಾಚಿಯ ಕಥೆಯೂ ಹುಟ್ಟಿತು. ಇವತ್ತಿನ ಭಯಾನಕ ಸಾಹಿತ್ಯದ ಎರಡು ದೊಡ್ಡ ಕವಲುಗಳು ಒಂದೇ ಮನೆಯಿಂದ ಹೊರಟವು. ಆ ಬೈರನ್ ಅದಕ್ಕೆ ಎಂಟು ವರ್ಷ ಮೊದಲು, 1808ರಲ್ಲಿ, ಬೋಟ್ಸ್‌ವೇನ್ ಎಂಬ ತನ್ನ ನ್ಯೂಫೌಂಡ್‌ಲೆಂಡ್ ತಳಿಯ ನಾಯಿಯನ್ನು ರೇಬೀಸ್ ರೋಗಕ್ಕೆ ಕಳೆದುಕೊಂಡಿದ್ದ. ರೋಗವೇನೆಂದು ಅರಿಯದೆ, ಸಾಯುತ್ತಿದ್ದ ನಾಯಿಯ ಬಾಯಿಯ ಜೊಲ್ಲನ್ನು ಅವನು ಬರಿಗೈಯಿಂದ ಒರೆಸಿದನೆಂದು ಅವನ ಜೀವನಚರಿತ್ರೆ ಬರೆದ ಥಾಮಸ್ ಮೂರ್ ದಾಖಲಿಸಿದ್ದಾನೆ. ಆಮೇಲೆ ನ್ಯೂಸ್ಟೆಡ್ ಆ್ಯಬಿಯ ತೋಟದಲ್ಲಿ ಅದಕ್ಕೊಂದು ಸ್ಮಾರಕ ಕಟ್ಟಿಸಿದ. ಲೂಯಿ ಪಾಸ್ಚರ್ ಮನುಷ್ಯನಿಗೆ ಈ ರೋಗದ ಲಸಿಕೆ ಕೊಟ್ಟದ್ದು 1885ರಲ್ಲಿ. ಬೈರನ್ ಬದುಕುಳಿದದ್ದು ಅದೃಷ್ಟ, ಬೇರೆ ಹೆಸರಿಲ್ಲ.

(ನಾಯಿಗೆ ಕಲ್ಲು ನಿಲ್ಲಿಸುವುದರಲ್ಲಿ ನಾವು ಬೈರನ್ನನಿಗಿಂತ ಎಂಟೂವರೆ ಶತಮಾನ ಮುಂದಿದ್ದೇವೆಂಬುದನ್ನು ಇಲ್ಲಿ ಹೇಳಲೇಬೇಕು. ಕ್ರಿ.ಶ. 949-50ರ ಆತಕೂರು ಶಾಸನ, ಮಣಲೇರನೆಂಬ ವೀರ ತಕ್ಕೋಲದ ಯುದ್ಧದಲ್ಲಿ ಮೆರೆದು, ಅವನ ಒಡೆಯ ಬೇಕಾದ್ದನ್ನು ಕೇಳೆಂದಾಗ ಕಾಳಿ ಎಂಬ ನಾಯಿಯನ್ನು ಬೇಡಿ ಪಡೆದದ್ದನ್ನೂ, ಕಾಳಿ ಕಾಡುಹಂದಿಯೊಂದಿಗೆ ಸೆಣಸಿ ಎರಡೂ ಸತ್ತದ್ದನ್ನೂ ಹೇಳುತ್ತದೆ. ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹಂದಿಯ ಮೇಲೆರಗಿದ ಕಾಳಿಯನ್ನು ಅದರಲ್ಲಿ ಕೆತ್ತಿದ್ದಾರೆ. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ.)

ರಕ್ತಪಿಶಾಚಿಯ ಕಥೆಗೂ ರೇಬೀಸಿಗೂ ನಂಟಿರಬಹುದೆಂದು 1998ರಲ್ಲಿ ಸ್ಪೇನಿನ ನರರೋಗ ತಜ್ಞರೊಬ್ಬರು ವಾದಿಸಿದರು. ಕಚ್ಚಿದರೆ ಹರಡುವುದು, ನಿದ್ದೆ ಬಾರದಿರುವುದು, ಬೆಳಕು, ನೀರು, ಕನ್ನಡಿ, ಕಟು ವಾಸನೆ ಯಾವುದನ್ನೂ ತಾಳಲಾಗದಿರುವುದು ಎರಡಕ್ಕೂ ಸಮಾನ. ವಾದ ಪೂರ್ತಿ ಸಾಬೀತಾಗಿಲ್ಲ, ಆದರೆ ಅದನ್ನು ಓದಿದಾಗ ನನಗೆ ನೆನಪಾದದ್ದು ಸ್ಟೀಫನ್ ಕಿಂಗ್ 1981ರಲ್ಲಿ ಪ್ರಕಟಿಸಿದ ಕೂಜೋ ಕಾದಂಬರಿ. ಮಗುವಿನಷ್ಟು ಮೃದುವಾದ ಸೇಂಟ್ ಬರ್ನಾರ್ಡ್ ನಾಯಿಯೊಂದು ಮೊಲವನ್ನು ಅಟ್ಟಿಸಿಕೊಂಡು ಹೋಗಿ ಬಿಲಕ್ಕೆ ಮೂಗು ತೂರಿಸುತ್ತದೆ, ಒಳಗಿದ್ದ ಬಾವಲಿ ಕಚ್ಚುತ್ತದೆ. ಮುಂದಿನ ನೂರಾರು ಪುಟಗಳಲ್ಲಿ ಆ ನಾಯಿ ಮಾಡುವುದು ಘೋರ. ಆದರೆ ಕಿಂಗ್ ಆಗಾಗ ನಾಯಿಯ ಮನಸ್ಸಿನೊಳಗೆ ಹೋಗುತ್ತಾನೆ, ಕೊನೆಗೆ ಅದು ಯಾವಾಗಲೂ ಒಳ್ಳೆಯ ನಾಯಿಯಾಗಿರಲು ಪ್ರಯತ್ನಿಸಿತ್ತು ಎಂದು ಬರೆಯುತ್ತಾನೆ. ಆ ಪುಟದಲ್ಲಿ ನಾನು ಪುಸ್ತಕ ಮಡಚಿಟ್ಟು ಹೊರಗೆ ಬಂದು ಕೆಂಚನ ಪಕ್ಕ ಕುಳಿತಿದ್ದೆ. ನಾಯಿಯನ್ನು ಬಲ್ಲವರಿಗೆ ಮಾತ್ರ ಆ ಸಾಲು ಬರೆಯಲು ಸಾಧ್ಯ. ಕಿಂಗ್ ಸ್ವತಃ ಮಾಲಿ ಎಂಬ ಪುಟ್ಟ ಕಾರ್ಗಿ ನಾಯಿಯನ್ನು ಸಾಕಿಕೊಂಡು, ಅದರ ಚಿತ್ರಗಳ ಕೆಳಗೆ ‘ದುಷ್ಟಶಕ್ತಿ’ ಎಂದು ಅಕ್ಕರೆಯಿಂದ ಬರೆದವನು. ಭಯಾನಕ ಕಥೆಯನ್ನು ಬದಿಗಿಟ್ಟು ಒಂದು ಮಾತು: ನಾಯಿ ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ, ಅದೇ ದಿನ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಪಡೆಯಿರಿ, ನಾಟಿ ಔಷಧಿಗೆ ಕಾಯಬೇಡಿ. ರೋಗದ ಲಕ್ಷಣ ಕಂಡ ಮೇಲೆ ಉಳಿದವರು ಇಲ್ಲವೆನ್ನುವಷ್ಟು ಕಡಿಮೆ.

ಇದು ಡಾ. ಎಚ್. ನರಸಿಂಹಯ್ಯನವರು ಹುಟ್ಟಿದ ಜಿಲ್ಲೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಹೊರಟು, ಭೌತವಿಜ್ಞಾನ ಕಲಿಸಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ 1976ರಲ್ಲಿ ಪವಾಡಗಳನ್ನು ಪರೀಕ್ಷಿಸುವ ಸಮಿತಿ ಮಾಡಿದವರು ಅವರು. ಪ್ರಶ್ನಿಸದೆ ಏನನ್ನೂ ಒಪ್ಪಬೇಡಿ ಎಂದು ನಮ್ಮ ತಲೆಮಾರಿನ ಮೇಷ್ಟ್ರುಗಳಿಗೆಲ್ಲ ಕಲಿಸಿದವರು. ಆದ್ದರಿಂದ ಮೂಲೆ ನೋಡುವ ನಾಯಿಯನ್ನು ನಾನು ಅತ್ತೆಯವರ ಮಾತಿಗೂ ಟಿಂಡಾಲೋಸ್‌ಗೂ ಬಿಟ್ಟುಬಿಡಲಿಲ್ಲ; ಮೂರನೆಯ ರಾತ್ರಿಯೂ ಅವನು ಅಲ್ಲೇ ನಿಂತಾಗ ಪಶುವೈದ್ಯರ ಬಳಿಗೆ ಕರೆದುಕೊಂಡು ಹೋದೆ. ಅವರು ತಾಳ್ಮೆಯಿಂದ ಎಲ್ಲ ಕೇಳಿ, ಮುಪ್ಪಿನಲ್ಲಿ ಮನುಷ್ಯರಿಗೆ ಬರುವ ಮರೆವಿನ ಕಾಯಿಲೆಯಂಥದೇ ನಾಯಿಗಳಿಗೂ ಬರುತ್ತದೆ ಎಂದರು. ಹಗಲು ಮಲಗಿ ರಾತ್ರಿ ಓಡಾಡುವುದು, ಗೋಡೆಯನ್ನು ದಿಟ್ಟಿಸುವುದು, ಮೂಲೆಯಲ್ಲಿ ಸಿಕ್ಕಿಕೊಂಡಂತೆ ನಿಲ್ಲುವುದು ಅದರ ಲಕ್ಷಣಗಳು. ಬಾಗಿಲು ಯಾವ ಬದಿಗೆ ತೆರೆಯುತ್ತದೆಂಬುದನ್ನು ಮರೆತು ಕೀಲಿನ ಬದಿಯಲ್ಲಿ ಕಾಯುವುದು ವೈದ್ಯರು ಬಲ್ಲ ಲಕ್ಷಣವೇ.

ಉತ್ತರ ಸಿಕ್ಕಿತು, ಅದನ್ನು ನಾನು ಪೂರ್ತಿ ಒಪ್ಪುತ್ತೇನೆ. ಒಪ್ಪಿದ ಮೇಲೂ ಆ ರಾತ್ರಿಯ ವಿಲಕ್ಷಣತೆ ಕರಗಲಿಲ್ಲ, ಅದು ಜಾಗ ಬದಲಿಸಿತು. ಇಷ್ಟು ದಿನ ಗೋಡೆಯ ಆಚೆ ಏನಿದೆಯೋ ಎಂದು ಕೇಳುತ್ತಿದ್ದವಳಿಗೆ, ಹದಿಮೂರು ವರ್ಷ ನನ್ನ ಹೆಜ್ಜೆಯ ಸದ್ದನ್ನು ಬೀದಿಯ ತಿರುವಿನಿಂದಲೇ ಗುರುತಿಸುತ್ತಿದ್ದ ಒಂದು ಜೀವದ ತಲೆಯೊಳಗೆ ಈಗ ಬಾಗಿಲೊಂದು ಜಾಗ ಬಿಟ್ಟು ಸರಿದಿದೆ ಎಂಬುದು ಲವ್‌ಕ್ರಾಫ್ಟ್‌ನ ಯಾವ ಕಥೆಗಿಂತಲೂ ಆಳವಾಗಿ ತಟ್ಟಿತು. ಅವನಿಗೆ ಕಾಣುತ್ತಿದ್ದ ಬಾಗಿಲು ಅವನಿಗೆ ನಿಜವಾದದ್ದು, ಅದನ್ನು ತೆರೆಯುವವರು ಬರುತ್ತಾರೆಂಬ ನಂಬಿಕೆಯೂ ನಿಜವಾದದ್ದು. ನಾನು ಅವನ ಕುತ್ತಿಗೆಯ ಪಟ್ಟಿ ಹಿಡಿದು ಈಚೆಯ ಬದಿಗೆ ತಂದು ನಿಲ್ಲಿಸುತ್ತಿದ್ದೆ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಕಾಲೇಜು ಹುಡುಗಿಯೊಬ್ಬಳು ಎದ್ದು, ‘ಮೇಡಂ, ಹಾಗಾದ್ರೆ ನಾಯಿಗೆ ದೆವ್ವ ಕಾಣುತ್ತೋ ಇಲ್ವೋ?’ ಎಂದು ಕೇಳಿದಳು. ನಾಯಿಗೆ ಕಾಣುವುದು ದೆವ್ವವೆಂದು ನಾನು ನಂಬುವುದಿಲ್ಲ, ನಮಗೆ ಸಿಗದ ಎಷ್ಟೋ ಸಂಗತಿ ಅದಕ್ಕೆ ಸಿಗುತ್ತದೆ ಎಂಬುದರಲ್ಲಿ ಸಂಶಯವಿಲ್ಲ, ಕಥೆ ಬರೆಯುವ ಮನಸ್ಸಿದ್ದರೆ ಅಲ್ಲಿಂದ ಆರಂಭಿಸು ಎಂದು ಅವಳಿಗೆ ಹೇಳಿದೆ. ಅವಳಿಗೆ ಹೇಳದೆ ಉಳಿದ ಒಂದು ಸಂಗತಿಯನ್ನು ಇಲ್ಲಿ ಬರೆಯುತ್ತೇನೆ.

ಆ ಬೆಳೆಯ ಹುಳು ಹಣ್ಣಾಗಿ, ಅಂದರೆ ಗೂಡು ಕಟ್ಟಲು ಮಾಗಿ, ನಾವು ದಿನವಿಡೀ ಆರಿಸಿ ಗೂಡು ಕಟ್ಟುವ ತಟ್ಟೆಗಳಾದ ಚಂದ್ರಿಕೆಗೆ ಹಾಕಿದೆವು. ಗೂಡು ಕಟ್ಟಲು ತೊಡಗಿದ ಹುಳು ಸೊಪ್ಪು ಮುಟ್ಟುವುದಿಲ್ಲ; ಏಳೆಂಟು ದಿನ ಬಿಡದೆ ಸುರಿದ ಮಳೆ ನಿಂತಂತೆ ಮನೆಯೆಲ್ಲ ಮೌನವಾಯಿತು. ಅವತ್ತು ಹನ್ನೊಂದರ ಸೊಪ್ಪಿಲ್ಲ, ಬೇಗ ಮಲಗಿದ್ದೆವು. ನಡುರಾತ್ರಿ ಕೆಂಚ ಬೊಗಳಿದ್ದಕ್ಕೆ ಎದ್ದು ಹೊರಗೆ ಬಂದೆ. ಅವನು ಹುಳು ಮನೆಯ ಬಾಗಿಲಿನ ಮುಂದೆ, ಅದು ತೆರೆಯುವ ಬದಿಯಲ್ಲೇ, ಸರಿಯಾದ ಜಾಗದಲ್ಲಿ ನಿಂತು, ತಲೆ ಓರೆ ಮಾಡಿ ಒಳಗಿನದನ್ನು ಆಲಿಸುತ್ತಿದ್ದ. ಒಳಗೆ ಯಾವ ಸದ್ದೂ ಇರಲಿಲ್ಲ. ನನ್ನ ಮುಖ ನೋಡಿದ, ಬಾಗಿಲು ನೋಡಿದ, ಮತ್ತೆ ಒಂದು ಸಲ ಬೊಗಳಿದ. ನಾನು ಏನು ಹೇಳಬೇಕೆಂದು ತಿಳಿಯದೆ ನಿಂತಿರುವಾಗ ಅತ್ತೆಯವರು ಚಾಪೆಯಿಂದ ಏಳದೆಯೇ ಅವನಿಗೆ ಕೂಗಿ ಹೇಳಿದರು: ‘ಹುಳು ಹಣ್ಣಾದ್ವು ಕಣೋ ಕೆಂಚ, ಬಂದು ಮಲಕ್ಕೋ.’